ಕಪ್ಪು ಶಾಯಿಯ ಮನೆ: ಜರೀನಾ ಅವರ ಅಚ್ಚುಚಿತ್ರಗಳು

(ಸಂಘದ ಮಹಿಳಾ ವಿಭಾಗದ ಮಾಸಿಕ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಚಿತ್ರಕಲೆಯ ಬಗ್ಗೆ ಮಾತಾಡಿ ಎಂದು ಕೇಳಿಕೊಂಡಾಗ ಕಾರ್ಯದರ್ಶಿಯವರು ಒಂದು ಷರತ್ತು ಹಾಕಿದ್ದರು: ರವಿವರ್ಮ ಬೇಡ, ಅದು ಎರಡು ಸಲ ಆಗಿದೆ. ಒಪ್ಪಿಕೊಂಡೆ. ಆದರೂ ಶುರುವನ್ನು ಅವರಿಂದಲೇ ಮಾಡುತ್ತೇನೆ, ಒಂದೇ ನಿಮಿಷ. ನಮ್ಮ ನಿಮ್ಮ ದೇವರ ಮನೆಯಲ್ಲಿದ್ದ ಲಕ್ಷ್ಮಿ ಸರಸ್ವತಿಯರ ಪಟಗಳು ರವಿವರ್ಮರು ಕುಂಚದಿಂದ ಬರೆದವಲ್ಲ. 1894ರಲ್ಲಿ ಇದೇ ಮುಂಬಯಿಯಲ್ಲಿ ಅವರು ಹಾಕಿದ, ಮುಂದೆ ಲೋನಾವಳದ ಹತ್ತಿರಕ್ಕೆ ಹೋದ ಮುದ್ರಣಾಲಯದಲ್ಲಿ ಅಚ್ಚಾದವು ಮತ್ತು ಅವುಗಳ ನಕಲುಗಳ ನಕಲುಗಳು. ಹಾಗಾಗಿ ‘ಪ್ರಿಂಟ್’ ಅಂದರೆ ನಮಗೆ ಮೂಲಚಿತ್ರದ ಅಗ್ಗದ ಪ್ರತಿ ಎಂಬ ಭಾವನೆ. ಇವತ್ತು ನಾನು ಹೇಳಲಿರುವ ಪ್ರಿಂಟ್ ಅದಲ್ಲ. ಇಲ್ಲಿ ಅಚ್ಚೇ ಮೂಲ. ಕಲಾವಿದೆ ಮರದ ಹಲಗೆಯನ್ನು ತಾನೇ ಕೆತ್ತಿ, ಶಾಯಿ ಸವರಿ, ಕಾಗದದ ಮೇಲೆ ಒತ್ತಿ, ಇಷ್ಟೇ ಪ್ರತಿ ಎಂದು ಎಣಿಸಿ ಸಹಿ ಹಾಕುತ್ತಾಳೆ. ಶಾಲೆಯಲ್ಲಿ ಬೆಂಡೆಕಾಯಿ ಅಡ್ಡ ಕತ್ತರಿಸಿ ಬಣ್ಣದಲ್ಲಿ ಅದ್ದಿ ಹೂವು ಮೂಡಿಸಿದ್ದು ನೆನಪಿರಬಹುದು. ತತ್ವ ಅದೇ. ಉಬ್ಬಿದ ಭಾಗಕ್ಕೆ ಶಾಯಿ ಹತ್ತುತ್ತದೆ, ತಗ್ಗಿದ ಭಾಗ ಖಾಲಿ ಉಳಿಯುತ್ತದೆ.

ಕಲಾವಿದೆಯ ಹೆಸರು ಜರೀನಾ. ದಾಖಲೆಗಳಲ್ಲಿ ಜರೀನಾ ಹಾಶ್ಮಿ, ಆದರೆ ಕಲಾಲೋಕದಲ್ಲಿ ಅವರು ಇಟ್ಟುಕೊಂಡದ್ದು ಬರೀ ಜರೀನಾ. ತಂದೆಯ ಹೆಸರೂ ಇಲ್ಲ, ಗಂಡನ ಹೆಸರೂ ಇಲ್ಲ. 1937ರಲ್ಲಿ ಅಲೀಗಢದಲ್ಲಿ ಹುಟ್ಟಿದರು. ತಂದೆ ಅಲ್ಲಿನ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರು. ಮಗಳು ಅದೇ ವಿಶ್ವವಿದ್ಯಾಲಯದಲ್ಲಿ ಓದಿದ್ದು ಗಣಿತ, 1958ರಲ್ಲಿ ಪದವಿ. ಆರ್ಟ್ ಸ್ಕೂಲಿನ ಮೆಟ್ಟಿಲು ಹತ್ತದೆ ಕಲಾವಿದೆಯಾದವರು. ನಿವೃತ್ತ ಡ್ರಾಯಿಂಗ್ ಟೀಚರ್ ಆದ ನನಗೆ ಇದು ಸ್ವಲ್ಪ ಮುಜುಗರದ ಸಂಗತಿಯೇ, ಇರಲಿ.

ಮೊದಲು ಬಣ್ಣದ ಮಾತು. 2020ರ ಫೆಬ್ರುವರಿಯಲ್ಲಿ ದೆಹಲಿಗೆ ತಮ್ಮನ ಮನೆಗೆ ಹೋಗಿದ್ದಾಗ ಕಿರಣ್ ನಾಡರ್ ಮ್ಯೂಸಿಯಂನಲ್ಲಿ ಜರೀನಾ ಅವರ ದೊಡ್ಡ ಪ್ರದರ್ಶನ ನಡೆದಿತ್ತು. ಜೊತೆಗೆ ಬಂದಿದ್ದ ನಾದಿನಿ ಎರಡು ಕೋಣೆ ಸುತ್ತಿ ನನ್ನ ಸೆರಗು ಜಗ್ಗಿದಳು. “ವೈನಿ, ಬಣ್ಣ ಎಲ್ಲಿ?” ಅಂದಳು. ನ್ಯಾಯವಾದ ಪ್ರಶ್ನೆ. ಎದುರಿಗೆ ಇದ್ದದ್ದು ಕೆನೆಬಣ್ಣದ ಕಾಗದ, ಅದರ ಮೇಲೆ ಕಪ್ಪು ಗೆರೆ. ಕೆಲವು ಕಡೆ ಕಾಗದದ ತಿರುಳನ್ನೇ ಅಚ್ಚಿಗೆ ಹೊಯ್ದು ಮಾಡಿದ ಉಬ್ಬುಫಲಕಗಳು. ಅವುಗಳಲ್ಲಿ ಬಣ್ಣ ಇತ್ತು, ಆದರೆ ಸುಟ್ಟ ಇಟ್ಟಿಗೆಯ ಬಣ್ಣ, ಹಳೆಯ ಗೋಡೆಯ ಬಣ್ಣ. ರಂಗುರಂಗಿನದು ಒಂದೂ ಇಲ್ಲ.

ಬಣ್ಣ ಬರುತ್ತಿರಲಿಲ್ಲ ಎಂದಲ್ಲ. 1963ರಿಂದ 67ರವರೆಗೆ ಜರೀನಾ ಪ್ಯಾರಿಸ್‌ನಲ್ಲಿದ್ದರು. ಅಲ್ಲಿ ಸ್ಟ್ಯಾನ್ಲಿ ವಿಲಿಯಂ ಹೇಟರ್ ಎಂಬವರ ‘ಅಟೆಲಿಯರ್ 17’ ಎಂಬ ಮುದ್ರಣ ಕಾರ್ಯಾಗಾರದಲ್ಲಿ ಕಲಿತರು. ಬಣ್ಣದ ಅಚ್ಚಿನಲ್ಲಿ ಜಗತ್ತಿಗೇ ಹೆಸರಾದ ಜಾಗ ಅದು. ಅಲ್ಲೇ ನಮ್ಮ ನೆರೆಯ ಚಿತ್ತೂರು ಜಿಲ್ಲೆಯ ಕೃಷ್ಣಾ ರೆಡ್ಡಿಯವರು ಒಂದೇ ತಗಡಿನಿಂದ ಒಂದೇ ಸಲಕ್ಕೆ ಹಲವು ಬಣ್ಣ ಮೂಡಿಸುವ ವಿಧಾನವನ್ನು ಬೆಳೆಸಿದರು. ಅದರ ಗುಟ್ಟು ನಮ್ಮ ಅಡುಗೆಮನೆಯದೇ. ತಗಡನ್ನು ಬೇರೆ ಬೇರೆ ಆಳಕ್ಕೆ ಕೊರೆಯುತ್ತಾರೆ. ಒಂದು ಶಾಯಿಗೆ ಎಣ್ಣೆ ಹೆಚ್ಚು ಹಾಕಿ ತೆಳುವಾಗಿಸುತ್ತಾರೆ, ಇನ್ನೊಂದನ್ನು ಗಟ್ಟಿ ಇಡುತ್ತಾರೆ. ಗಡಸು ರೋಲರ್ ಮೇಲ್ಮೈಯನ್ನಷ್ಟೇ ಮುಟ್ಟುತ್ತದೆ, ಮೆತ್ತನೆಯ ರೋಲರ್ ತಗ್ಗಿಗೂ ಇಳಿಯುತ್ತದೆ. ಎಣ್ಣೆ ಸವರಿದ ತಟ್ಟೆಗೆ ಇಡ್ಲಿ ಹಿಟ್ಟು ಅಂಟದ ಹಾಗೆ, ಎಣ್ಣೆಶಾಯಿ ಇದ್ದಲ್ಲಿ ಗಟ್ಟಿಶಾಯಿ ಅಂಟುವುದಿಲ್ಲ. ಬಣ್ಣಗಳು ಬೆರೆಯದೆ ತಂತಮ್ಮ ಜಾಗದಲ್ಲಿ ಕೂರುತ್ತವೆ. ಕೃಷ್ಣಾ ರೆಡ್ಡಿಯವರ ಚಿತ್ರಗಳು ನವಿಲುಗರಿಯಂತೆ ಹೊಳೆಯುವುದು ಹೀಗೆ.

ಇಂಥ ಜಾಗದಲ್ಲಿ ನಾಲ್ಕು ವರ್ಷ ಕಲಿತ ಹೆಣ್ಣುಮಗಳು ಕೊನೆಗೆ ಆರಿಸಿಕೊಂಡದ್ದು ಮರದ ಹಲಗೆ ಮತ್ತು ಕಪ್ಪು ಶಾಯಿ. ಗೊತ್ತಿದ್ದೂ ಬಿಟ್ಟದ್ದು ಅದು. ಆ ಕಪ್ಪೂ ಒಂದೇ ಕಪ್ಪಲ್ಲ. ಅವರು ಬಳಸುತ್ತಿದ್ದ ಜಪಾನಿನ ಕೋಝೋ ಕಾಗದ ಹಿಪ್ಪುನೇರಳೆಯ ಬಳಗದ ಗಿಡದ ತೊಗಟೆಯ ನಾರಿನಿಂದ ಆಗುತ್ತದೆ. ತೆಳು, ಆದರೆ ಗಟ್ಟಿ. ಶಾಯಿ ಅದರ ನಾರಿನೊಳಗೆ ಇಳಿಯುತ್ತದೆ. ಹತ್ತಿರ ಹೋದರೆ ಮರದ ಎಳೆಗಳೂ ಅಲ್ಲಲ್ಲಿ ಕಾಣುತ್ತವೆ. ಹತ್ತಿರ ಹೋಗಬೇಕು, ಅಷ್ಟೆ. ದೂರ ನಿಂತವರಿಗೆ ಅವರ ಚಿತ್ರ ಏನನ್ನೂ ಕೊಡುವುದಿಲ್ಲ.

ಇನ್ನು ವಿನ್ಯಾಸ. ರಂಗೋಲಿ ಹಾಕುವ ನಮಗೆ ಚುಕ್ಕಿ, ಗೆರೆ, ಸಮ ಅಂತರ ಇವು ಹೊಸದಲ್ಲ. ಜರೀನಾ ಅವರಿಗೆ ಈ ಲೆಕ್ಕಾಚಾರ ಬಂದದ್ದು ಒಂದು ಗಣಿತದಿಂದ, ಇನ್ನೊಂದು ಬಾಲ್ಯದಲ್ಲಿ ತಂದೆ ತೋರಿಸಿದ ಮೊಗಲ್ ಕಟ್ಟಡಗಳಿಂದ. ಮೂರನೆಯದು ನನಗೆ ಬಹಳ ಇಷ್ಟವಾದ ಸಂಗತಿ. ದೆಹಲಿಯಲ್ಲಿದ್ದಾಗ ಅವರು ಗ್ಲೈಡರ್ ಹಾರಿಸಲು ಕಲಿತಿದ್ದರು, ಎಂಜಿನ್ ಇಲ್ಲದ ವಿಮಾನ. ಮೇಲಿನಿಂದ ನೋಡಿದರೆ ಮನೆ ಹೇಗೆ ಕಾಣುತ್ತದೆ? ಬಾಗಿಲ ತೋರಣ ಕಾಣುವುದಿಲ್ಲ, ಹೊರಗೋಡೆಯ ಬಣ್ಣ ಕಾಣುವುದಿಲ್ಲ, ಯಾರದು ಶ್ರೀಮಂತರ ಮನೆ ಎಂಬುದೂ ಅಷ್ಟಾಗಿ ತಿಳಿಯುವುದಿಲ್ಲ. ಒಂದು ಚೌಕ, ನಡುವೆ ಅಂಗಳ. ಅವರ ಚಿತ್ರಗಳಲ್ಲಿ ಮನೆ ಬರುವುದು ಬಹುಮಟ್ಟಿಗೆ ಹೀಗೆಯೇ, ಇಂಜಿನಿಯರ್ ಬರೆದ ನಕ್ಷೆಯಂತೆ. ಆದರೆ ಇಂಜಿನಿಯರ್ ನಕ್ಷೆ ಬರೆಯುವುದು ಮನೆ ಕಟ್ಟುವ ಮೊದಲು. ಇವರು ಬರೆದದ್ದು ಮನೆ ಕೈಬಿಟ್ಟ ಮೇಲೆ.

ಎಷ್ಟು ಮನೆ! ಗಂಡ ಸಾದ್ ಹಾಶ್ಮಿ ಭಾರತೀಯ ವಿದೇಶಾಂಗ ಸೇವೆಯ ಅಧಿಕಾರಿ. ಮದುವೆಯಾಗಿ ಹೊರಟದ್ದು ಬ್ಯಾಂಕಾಕ್‌ಗೆ. ಮರದಚ್ಚನ್ನು ಮೊದಲು ಕಂಡದ್ದು ಅಲ್ಲಿ. ಆಮೇಲೆ ದೆಹಲಿ, ಪ್ಯಾರಿಸ್, ಮತ್ತೆ ದೆಹಲಿ, ಬಾನ್. 1974ರಲ್ಲಿ ಟೋಕಿಯೋಗೆ ಹೋಗಿ ತೋಶಿ ಯೋಶಿದಾ ಅವರ ಬಳಿ ಮರದಚ್ಚನ್ನು ಮತ್ತಷ್ಟು ಕಲಿತರು. ನಂತರ ಲಾಸ್ ಏಂಜಲೀಸ್, ಕೊನೆಗೆ ನ್ಯೂಯಾರ್ಕ್. 1997ರಲ್ಲಿ ಈ ಮನೆಗಳ ನಕ್ಷೆಗಳನ್ನು ಒಂಬತ್ತು ಎಚಿಂಗ್‌ಗಳಾಗಿ, ಅಂದರೆ ಲೋಹದ ತಗಡನ್ನು ಆಮ್ಲದಿಂದ ಕೊರೆದ ಅಚ್ಚುಗಳಾಗಿ, ಮಾಡಿದರು. ‘ನಾನು ಕಟ್ಟಿದ ಮನೆಗಳು, ಒಂಬತ್ತು ಗೆರೆಗಳಲ್ಲಿ ಒಂದು ಬದುಕು’ ಎಂಬುದು ಅದರ ಹೆಸರಿನ ಅರ್ಥ. ‘ವಾಸವಿದ್ದ ಮನೆಗಳು’ ಅನ್ನಲಿಲ್ಲ ನೋಡಿ. ಬಾಡಿಗೆಯದೋ ಸರ್ಕಾರದ್ದೋ, ಪ್ರತಿ ಸಲ ಪರದೆ ಹೊಲಿಸಿ, ಒಲೆ ಹೊಂದಿಸಿ, ಹಾಲು ಉಕ್ಕಿಸಿ ಅದನ್ನು ಮನೆ ಮಾಡುವವಳು ಯಾರು? ಬ್ಯಾಂಕ್, ರೈಲ್ವೆ, ಮಿಲಿಟರಿ ವರ್ಗಾವಣೆಗಳಲ್ಲಿ ಊರೂರು ತಿರುಗಿದವರು ಈ ಸಭೆಯಲ್ಲೇ ಕಡಿಮೆ ಇಲ್ಲ.

ಇಲ್ಲಿ ಒಂದು ಅಡ್ಡಮಾತು. ಅದೇ ವಿದೇಶಾಂಗ ಸೇವೆಯಲ್ಲಿ, ಅದೇ ವರ್ಷಗಳಲ್ಲಿ, ನಮ್ಮ ಕೊಡಗಿನ ಸಿ. ಬಿ. ಮುತ್ತಮ್ಮನವರು ಅಧಿಕಾರಿಯಾಗಿದ್ದರು. 1949ರಲ್ಲಿ ಆ ಸೇವೆಗೆ ಸೇರಿದ ಮೊದಲ ಮಹಿಳೆ. ಆಗಿನ ನಿಯಮ ಏನೆಂದರೆ, ಮಹಿಳಾ ಅಧಿಕಾರಿ ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡಿ ಅನ್ನಿಸಿದರೆ ರಾಜೀನಾಮೆ ಕೇಳಬಹುದು. ಗಂಡಸರಿಗೆ ಈ ಷರತ್ತಿರಲಿಲ್ಲ. ಬಡ್ತಿ ತಪ್ಪಿದಾಗ ಮುತ್ತಮ್ಮನವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇಂಥ ನಿಯಮಗಳನ್ನು ಕಟುವಾಗಿಯೇ ಟೀಕಿಸಿದರು. ಒಂದೇ ವ್ಯವಸ್ಥೆ, ಒಳಗಿದ್ದ ಹೆಣ್ಣಿಗೆ ಮನೆ ಮಾಡಬೇಡ ಅನ್ನುತ್ತಿತ್ತು, ಅಧಿಕಾರಿಯ ಕೈಹಿಡಿದ ಹೆಣ್ಣಿಗೆ ಮೂರು ವರ್ಷಕ್ಕೊಂದು ಹೊಸ ಮನೆ ಮಾಡು ಅನ್ನುತ್ತಿತ್ತು. ಒಬ್ಬರು ಕೋರ್ಟಿಗೆ ಹೋದರು, ಇನ್ನೊಬ್ಬರು ಉಳಿ ಹಿಡಿದರು.

1977ರಲ್ಲಿ ಪತಿ ತೀರಿಕೊಂಡರು. ಜರೀನಾಗೆ ಆಗ ನಲವತ್ತು. ನ್ಯೂಯಾರ್ಕಿನಲ್ಲೇ ಉಳಿದರು, ಕಾಗದ ತಯಾರಿಸುವುದನ್ನು ಕಲಿಸಿ ಜೀವನ ನಡೆಸಿದರು. ಅದು ಅಲ್ಲಿ ಸ್ತ್ರೀವಾದಿ ಕಲಾವಿದೆಯರ ಚಳವಳಿ ಜೋರಾಗಿದ್ದ ಕಾಲ. ಇವರೂ ಸೇರಿಕೊಂಡರು. ಸೇರಿಕೊಂಡ ಮೇಲೆ ಕಂಡದ್ದು, ‘ಹೆಂಗಸರು’ ಎಂದಾಗ ಅಲ್ಲಿಯವರ ಕಣ್ಣಮುಂದೆ ಬರುವುದು ಬಿಳಿಯ ಹೆಂಗಸರು ಮಾತ್ರ ಎಂಬುದು. 1979ರಲ್ಲಿ ‘ಹೆರೆಸೀಸ್’ ಎಂಬ ಪತ್ರಿಕೆಯ ತೃತೀಯ ಜಗತ್ತಿನ ಮಹಿಳೆಯರ ಸಂಚಿಕೆಯನ್ನು ರೂಪಿಸಿದ ಗುಂಪಿನಲ್ಲಿ ಜರೀನಾ ಇದ್ದರು. 1980ರಲ್ಲಿ ಕ್ಯೂಬಾ ಮೂಲದ ಆನಾ ಮೆಂಡಿಯೆಟಾ ಮತ್ತು ಜಪಾನಿನ ಕಜುಕೋ ಮಿಯಾಮೊಟೊ ಅವರೊಂದಿಗೆ ಸೇರಿ, ಮಹಿಳೆಯರೇ ನಡೆಸುತ್ತಿದ್ದ ಎ.ಐ.ಆರ್. ಗ್ಯಾಲರಿಯಲ್ಲಿ ಅಂಥ ಕಲಾವಿದೆಯರ ಪ್ರದರ್ಶನ ಏರ್ಪಡಿಸಿದರು. ಮಹಿಳಾ ವಿಭಾಗಗಳ ಒಳಗೂ ಯಾರು ಮುಂದಿನ ಸಾಲು, ಯಾರು ಹಿಂದಿನ ಸಾಲು ಎಂಬುದಿರುತ್ತದಲ್ಲ. ನಮ್ಮದರ ಬಗ್ಗೆ ನಾನು ಏನೂ ಹೇಳುತ್ತಿಲ್ಲ! (ನಗು)

ಈಗ ಅವರ ಅತ್ಯಂತ ಪ್ರಸಿದ್ಧ ಚಿತ್ರಕ್ಕೆ ಬರೋಣ. 2001ರಲ್ಲಿ ಮಾಡಿದ ‘ಡಿವೈಡಿಂಗ್ ಲೈನ್’, ವಿಭಜಿಸುವ ಗೆರೆ. ಕಾಗದದ ಉದ್ದಕ್ಕೂ ಅಂಕುಡೊಂಕಾದ ಒಂದು ಕಪ್ಪು ಗೆರೆ ಇಳಿಯುತ್ತದೆ. ನೋಡಿದರೆ ನದಿ ಅನ್ನಿಸಬಹುದು, ಗೋಡೆಯ ಬಿರುಕು ಅನ್ನಿಸಬಹುದು. ಅದು ಭಾರತ ಪಾಕಿಸ್ತಾನಗಳ ಗಡಿ. ಸಿರಿಲ್ ರ‍್ಯಾಡ್‌ಕ್ಲಿಫ್ ಎಂಬ ಬ್ರಿಟಿಷ್ ವಕೀಲರು, ಅದಕ್ಕೆ ಮೊದಲು ಭಾರತವನ್ನೇ ನೋಡದವರು, ಸುಮಾರು ಐದು ವಾರದಲ್ಲಿ ನಿರ್ಧರಿಸಿದ ಗೆರೆ. ಸ್ವಾತಂತ್ರ್ಯ ಬಂದು ಎರಡು ದಿನವಾದ ಮೇಲೆ, 1947ರ ಆಗಸ್ಟ್ 17ರಂದು ಪ್ರಕಟವಾಯಿತು. ಜರೀನಾಗೆ ಆಗ ಹತ್ತು ವರ್ಷ. ಕುಟುಂಬ ಕೂಡಲೇ ಅಲೀಗಢ ಬಿಡಲಿಲ್ಲ; ಇವರು ಮದುವೆಯಾಗಿ ಬ್ಯಾಂಕಾಕ್‌ನಲ್ಲಿದ್ದಾಗ, 1959ರಲ್ಲಿ, ತಂದೆತಾಯಿ ಕರಾಚಿಗೆ ಹೋದರು. ಅಂದರೆ ತವರುಮನೆ ಇನ್ನೊಂದು ದೇಶದಲ್ಲಿ. ಗಂಡ ಭಾರತ ಸರ್ಕಾರದ ಅಧಿಕಾರಿ. ಅಮ್ಮನನ್ನು ನೋಡಬೇಕಾದರೆ ವೀಸಾ.

ಆ ಗೆರೆಯನ್ನು ಅವರು ಹೇಗೆ ಮಾಡಿದರು ಎಂಬುದನ್ನು ಕೇಳಿ. ಕಾಗದದ ಮೇಲೆ ಗೆರೆ ಎಳೆಯುವುದು ಸುಲಭ, ಪೆನ್ಸಿಲ್ ಹಿಡಿದರೆ ಆಯಿತು. ಮರದಚ್ಚಿನಲ್ಲಿ ಒಂದು ಕಪ್ಪು ಗೆರೆ ಬೇಕೆಂದರೆ ಆ ಗೆರೆಯನ್ನು ಮುಟ್ಟುವಂತಿಲ್ಲ. ಅದರ ಸುತ್ತಲಿನ ಮರವನ್ನೆಲ್ಲ ಉಳಿಯಿಂದ ಕೆತ್ತಿ ತೆಗೆಯಬೇಕು. ಎಡಬದಿಯ ನೆಲ ಹೋಯಿತು, ಬಲಬದಿಯ ನೆಲ ಹೋಯಿತು, ಗೆರೆ ಮಾತ್ರ ಎದ್ದು ನಿಂತಿತು. ಕೆತ್ತುವಾಗ ಪೂರ್ತಿ ಹೋಗದೆ ಉಳಿದ ಚೂರುಪಾರು ಗುರುತುಗಳು ಗೆರೆಯ ಎರಡೂ ಬದಿಗೆ ಚದುರಿದಂತೆ ಅಚ್ಚಾಗಿವೆ. ಅವನ್ನು ಅಳಿಸಬಹುದಿತ್ತು, ಅಳಿಸಿಲ್ಲ. ನನಗಂತೂ ಅವು ರಸ್ತೆಗುಂಟ ಹೊರಟ ಜನರ ಹಾಗೆ ಕಂಡವು. ಇಲ್ಲಿ ಕೆಂಪು ಬಣ್ಣ ಹಾಕಿದ್ದರೆ ಏನಾಗುತ್ತಿತ್ತು ಯೋಚಿಸಿ. ರಕ್ತ ಎಂದು ನಾವೇ ಅರ್ಥ ಹೇಳಿಕೊಂಡು, ಅಯ್ಯೋ ಪಾಪ ಎಂದು, ಮುಂದಿನ ಚಿತ್ರಕ್ಕೆ ಹೋಗುತ್ತಿದ್ದೆವು. ಕಪ್ಪು ಗೆರೆ ಸರ್ಕಾರಿ ಭೂಪಟದ ಭಾಷೆ. ಆ ಭಾಷೆಯಲ್ಲೇ ಅವರು ಉತ್ತರ ಕೊಟ್ಟರು.

ನಾವೂ ಗಡಿಯ ಮಾತು ಕೇಳಿ ಬೆಳೆದವರು. 1956ರ ರಾಜ್ಯ ಮರುವಿಂಗಡಣೆ, ಸೊಲ್ಲಾಪುರ, ಅಕ್ಕಲಕೋಟೆ, ಕಾಸರಗೋಡು ಎಲ್ಲ ನಮ್ಮ ಸಭೆಗಳಲ್ಲಿ ಬರುತ್ತಲೇ ಇರುತ್ತವೆ. ಆದರೆ ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಲು ನಾನು ಒಪ್ಪುವುದಿಲ್ಲ. ನಮ್ಮ ತವರಿಗೆ ಹೋಗಲು ಟಿಕೆಟ್ ಸಾಕು.

ಆದರೆ ಭಾಷೆಯ ವಿಷಯ ಬಂದಾಗ ಮಾತ್ರ ಜರೀನಾ ನನ್ನ ಪಕ್ಕದಲ್ಲೇ ಕೂತಂತೆ ಅನ್ನಿಸುತ್ತದೆ. 1999ರ ಅವರ ಸರಣಿಯ ಹೆಸರು ‘ಹೋಮ್ ಈಸ್ ಎ ಫಾರಿನ್ ಪ್ಲೇಸ್’, ಮನೆಯೆಂಬುದು ಪರದೇಶ. ಒಟ್ಟು 36 ಮರದಚ್ಚುಗಳು, 25 ಪ್ರತಿಗಳು. ಇಲ್ಲಿ ಅವರು ಚಿತ್ರದಿಂದ ಶುರು ಮಾಡಲಿಲ್ಲ, ಪದದಿಂದ ಶುರು ಮಾಡಿದರು. ಮನೆ ಎಂದಾಗ ನೆನಪಾಗುವ ಉರ್ದು ಪದಗಳ ಪಟ್ಟಿ ಮಾಡಿದರು. ಅವನ್ನು ಪಾಕಿಸ್ತಾನದ ಒಬ್ಬ ಸುಂದರಲಿಪಿಕಾರರಿಂದ ನಸ್ತಾಲೀಖ್ ಶೈಲಿಯಲ್ಲಿ ಬರೆಸಿ ತರಿಸಿಕೊಂಡರು. ಆಮೇಲೆ ಒಂದೊಂದು ಪದಕ್ಕೂ ಒಂದೊಂದು ಚಿತ್ರ. ಮನೆ, ಹೊಸ್ತಿಲು, ಬಾಗಿಲು, ಅಂಗಳ, ಗೋಡೆ. ಆಕಾಶ, ಚಂದ್ರ, ನಕ್ಷತ್ರ. ಬಿಸಿಗಾಳಿ, ಮಳೆ, ಧೂಳು, ಸುಗಂಧ. ಮುಂದೆ ಹೋದಂತೆ ದೂರ, ದಾರಿ, ಪ್ರಯಾಣ. ಆಮೇಲೆ ದೇಶ, ಗಡಿ, ಭಾಷೆ, ಹತಾಶೆ. ‘ಮನೆ’ ಎಂಬ ಪದಕ್ಕೆ ಅಲೀಗಢದ ಮನೆಯ ನಕ್ಷೆ. ‘ಮಧ್ಯಾಹ್ನ’ ಎಂಬ ಪದಕ್ಕೆ ಸೀಲಿಂಗ್ ಫ್ಯಾನಿನ ರೆಕ್ಕೆಗಳಂತೆ ಕಾಣುವ ಒಂದು ಆಕೃತಿ. ಬೇಸಿಗೆ ರಜೆಯಲ್ಲಿ ನೆಲದ ಮೇಲೆ ಅಂಗಾತ ಮಲಗಿದ ಹುಡುಗಿ ನೋಡುವುದು ಅದನ್ನೇ ತಾನೆ. ಒಂದು ಇಡೀ ಮಧ್ಯಾಹ್ನ ನಾಲ್ಕು ರೆಕ್ಕೆಯಲ್ಲಿ ಬಂದು ಕೂತಿದೆ.

ಜರೀನಾ ಉರ್ದುವಿನಲ್ಲೇ ಬೆಳೆದವರು. ಬದುಕಿನ ನಾಲ್ಕು ದಶಕ ಕಳೆದದ್ದು ಆ ಲಿಪಿ ಓದಬಲ್ಲವರು ಅಪರೂಪವಾದ ಊರಿನಲ್ಲಿ. ಭಾರತದಲ್ಲೂ ಅದನ್ನು ಓದುವ ಮನೆಗಳು ಕಡಿಮೆಯಾಗುತ್ತಿದ್ದವು. ಓದಲು ಬಾರದವರಿಗೂ ಚಿತ್ರ ಸಿಗಲಿ, ಆದರೆ ಪದ ಚಿತ್ರದ ಜೊತೆಗೇ ಇರಲಿ, ಎಂಬಂತೆ ಅವರು ಎರಡನ್ನೂ ಒಟ್ಟಿಗೆ ಅಚ್ಚು ಹಾಕಿದರು. ಕೆಳಗೆ ಇಂಗ್ಲಿಷ್ ಅನುವಾದ ಬರೆದು ಪದವನ್ನು ಅಲಂಕಾರಕ್ಕಿಳಿಸಲಿಲ್ಲ.

ನಾನು ಮೂವತ್ತೊಂದು ವರ್ಷ ಈ ಊರಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದೆ. ಸೇರಿದಾಗ ಪ್ರತಿ ಇಯತ್ತೆಗೆ ಎರಡು ವರ್ಗ ಇದ್ದವು. ನಿವೃತ್ತಳಾಗುವಾಗ ಮೂರು ಇಯತ್ತೆಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಿದ್ದರು. ಬೋರ್ಡಿನ ಮೇಲೆ ‘ಹಿತ್ತಲು’ ಎಂದು ಬರೆದು ಚಿತ್ರ ತೆಗೆಯಿರಿ ಎಂದರೆ ಮೊದಲಿನ ಮಕ್ಕಳು ಬಾವಿ, ತುಳಸಿ, ನುಗ್ಗೆಗಿಡ ತೆಗೆಯುತ್ತಿದ್ದರು, ಊರಿಗೆ ಹೋಗಿಬಂದು ಗೊತ್ತಿರುತ್ತಿತ್ತು. ಈಗ ನನ್ನ ಮೊಮ್ಮಗಳು ಪುಣೆಯಲ್ಲಿ ಹನ್ನೊಂದನೆಯ ಮಹಡಿಯಲ್ಲಿದ್ದಾಳೆ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಬರುವುದಿಲ್ಲ. “ಅಜ್ಜಿ, ಹಿತ್ತಲು ಅಂದ್ರ ಬಾಲ್ಕನಿ ಏನು?” ಅಂತ ಕೇಳಿದಳು. ಹೌದೂ ಅನ್ನಲಾಗಲಿಲ್ಲ, ಅಲ್ಲ ಅಂದು ವಿವರಿಸಲು ಹೊರಟರೆ ಪಡಸಾಲೆ, ಅಂಗಳ, ಕಟ್ಟೆ ಎಂದು ಇನ್ನೂ ನಾಲ್ಕು ಪದ ವಿವರಿಸಬೇಕಾಯಿತು. ಕಾಗದ ತಗೊಂಡು ಗದಗಿನ ನಮ್ಮ ಮನೆಯ ನಕ್ಷೆ ಬರೆದೆ. ಆ ಮನೆ ಮಾರಿ ಹದಿನಾರು ವರ್ಷ ಆಯಿತು. ಒಂದೊಂದು ಚೌಕದೊಳಗೂ ಕನ್ನಡದಲ್ಲಿ ಅದರ ಹೆಸರು ಬರೆದೆ. ಅವಳು ಅಕ್ಷರಗಳನ್ನು ಚಿತ್ರ ನೋಡಿದಂತೆ ನೋಡಿದಳು. ಅಂಗಳ ಯಾವುದು ಎಂದರೆ ಬೆರಳಿಟ್ಟು ತೋರಿಸುತ್ತಾಳೆ, ಓದಿ ಅಲ್ಲ, ನಡುವೆ ಇದೆ ಎಂದು.

ಇನ್ನೊಂದು ಸರಣಿಯನ್ನು ಹೇಳದೆ ಹೋದರೆ ಮಾತು ಅರ್ಧವಾಗುತ್ತದೆ. ಜರೀನಾ ಅವರ ಅಕ್ಕ ರಾಣಿ ಪಾಕಿಸ್ತಾನದಲ್ಲಿದ್ದರು. ತಂದೆತಾಯಿಯ ಸಾವು, ಮನೆ ಮಾರಿದ್ದು, ತನ್ನ ಒಂಟಿತನ ಇವನ್ನೆಲ್ಲ ತಂಗಿಗೆ ಉರ್ದುವಿನಲ್ಲಿ ಬರೆದರು, ಆದರೆ ಅಂಚೆಗೆ ಹಾಕಲಿಲ್ಲ. ವರ್ಷಗಳ ಮೇಲೆ ಆ ಕಾಗದಗಳು ಜರೀನಾ ಕೈಗೆ ಬಂದವು. 2004ರಲ್ಲಿ ಅವನ್ನೇ ಅಚ್ಚಿನ ತಗಡುಗಳಾಗಿ ಮಾಡಿಸಿ, ಅಕ್ಕನ ಕೈಬರಹದ ಮೇಲೆ ಮನೆಯ ನಕ್ಷೆ, ಊರಿನ ಭೂಪಟಗಳನ್ನು ಕಪ್ಪಾಗಿ ಒತ್ತಿದರು. ಎಂಟು ಚಿತ್ರಗಳು, ‘ಲೆಟರ್ಸ್ ಫ್ರಮ್ ಹೋಮ್’. ಕೆಲವು ಸಾಲುಗಳು ಕಾಣುತ್ತವೆ, ಕೆಲವು ನಕ್ಷೆಯ ಅಡಿಗೆ ಸರಿದಿವೆ. ಉರ್ದು ಬಲ್ಲವರಿಗೂ ಪೂರ್ತಿ ಓದಲಾಗದು. ಅಕ್ಕತಂಗಿಯರ ಕಾಗದವನ್ನು ಊರೆಲ್ಲ ಯಾಕೆ ಓದಬೇಕು, ಅಲ್ಲವೇ?

ಕೊನೆಕೊನೆಗೆ ಜರೀನಾ ಚಿನ್ನದ ರೇಕು ಬಳಸಿದರು. 2010ರ ‘ಬ್ಲೈಂಡಿಂಗ್ ಲೈಟ್’ ಎಂಬುದು ಚಿನ್ನದ ರೇಕು ಹೊದಿಸಿದ ಕಾಗದದ ಪರದೆ. ವಿಮರ್ಶಕರು ಬಹಳ ಮೆಚ್ಚಿದ್ದಾರೆ. ನನಗೆ ಅಷ್ಟು ಹಿಡಿಸಲಿಲ್ಲ. ಗೇಣುದ್ದದ ಕಪ್ಪು ಚೌಕದ ಎದುರು ಹತ್ತು ನಿಮಿಷ ನಿಂತವಳು ಚಿನ್ನದ ಮುಂದೆ ಎರಡು ನಿಮಿಷವೂ ನಿಲ್ಲಲಿಲ್ಲ. ನಾದಿನಿಗೆ ಮಾತ್ರ ಅದೇ ಇಷ್ಟವಾಯಿತು, ಅಂತೂ ಒಂದು ಬಣ್ಣ ಸಿಕ್ಕಿತಲ್ಲ ಎಂದು.

2011ರ ವೆನಿಸ್ ಬಿಯೆನ್ನಾಲೆಯಲ್ಲಿ ಭಾರತ ಮೊದಲ ಬಾರಿ ತನ್ನದೇ ಪೆವಿಲಿಯನ್ ಹಾಕಿದಾಗ ಆರಿಸಿದ ಕಲಾವಿದರಲ್ಲಿ ಜರೀನಾ ಒಬ್ಬರು. 2013ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ಅವರ ಇಡೀ ಜೀವಮಾನದ ಕೆಲಸದ ಪ್ರದರ್ಶನ ನಡೆಯಿತು. 2020ರ ಏಪ್ರಿಲ್ 25ರಂದು ಲಂಡನ್ನಿನಲ್ಲಿ ತೀರಿಕೊಂಡರು. ನಾನು ದೆಹಲಿಯಿಂದ ಮರಳಿ ಎರಡು ತಿಂಗಳೂ ಆಗಿರಲಿಲ್ಲ, ಲಾಕ್‌ಡೌನ್ ದಿನಗಳು, ಎಲ್ಲರೂ ತಂತಮ್ಮ ನಾಲ್ಕು ಗೋಡೆಯೊಳಗೆ.

ನನ್ನ ಮಾತು ಇಷ್ಟೇ. ಈಗ ಆ ಕಡೆಯ ದೀಪ ಆರಿಸಿದರೆ ಚಿತ್ರಗಳನ್ನು ತೋರಿಸುತ್ತೇನೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಖಾಲಿ ಕಾರ್ಡುಗಳನ್ನೂ ಪೆನ್ನುಗಳನ್ನೂ ಇಟ್ಟಿದ್ದೇವೆ. ಚಹಾ ಕುಡಿಯುತ್ತ, ನಿಮ್ಮ ಮನೆಯಲ್ಲಿ ಬಳಸುತ್ತಿದ್ದು ಈಗ ಮಕ್ಕಳಿಗೆ ತಿಳಿಯದ ಒಂದು ಕನ್ನಡ ಪದವನ್ನು ಒಂದೊಂದು ಕಾರ್ಡಿನ ಮೇಲೆ ದೊಡ್ಡದಾಗಿ ಬರೆದಿಡಿ. ಕೆಳಗೆ ಅರ್ಧ ಜಾಗ ಬಿಡಿ. ಅದು ಚಿತ್ರಕ್ಕೆ, ಮುಂದಿನ ತಿಂಗಳು ಮಕ್ಕಳಿಂದ ಬರೆಸೋಣ.